ಸೈನಸ್ ಎಕ್ಸ್-ರೇ: ಫಿಲ್ಮ್ ಹೇಳುವುದೆಷ್ಟು, ನಾವು ನಂಬುವುದೆಷ್ಟು?

ನಮಸ್ಕಾರ. ತಲೆಯ ಎಕ್ಸ್-ರೇ ತೆಗೆಸಬೇಕೆಂದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ, ರೇಡಿಯೇಶನ್‌ನಿಂದ ತೊಂದರೆಯಾಗುವುದಿಲ್ಲವೇ ಎಂಬುದು. ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಮಣ್ಣು, ಗಾಳಿ, ಆಕಾಶಗಳಿಂದ ನಮ್ಮ ಮೈಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು (ಇದು ವಿಕಿರಣವನ್ನು ಅಳೆಯುವ ಮಾನ) ವಿಕಿರಣ ಹೇಗೂ ತಗಲುತ್ತಿರುತ್ತದೆ. ತಲೆಯ ಒಂದು ಎಕ್ಸ್-ರೇಯಿಂದ ಬರುವುದು ಸಾಮಾನ್ಯವಾಗಿ ಅದರ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಗರ್ಭಿಣಿಯರು ಮೊದಲೇ ತಿಳಿಸಬೇಕು ಎಂಬುದನ್ನು ಬಿಟ್ಟರೆ ಇಲ್ಲಿ ಹೆದರುವಂಥದ್ದು ಅಷ್ಟಾಗಿ ಇಲ್ಲ. ನನ್ನ ಆತಂಕ ಬೇರೆ. ಆ ಫಿಲ್ಮನ್ನು ನಾವು ಅತಿಯಾಗಿ ನಂಬುತ್ತೇವೆ. ನೆಗಡಿಯಾದಾಗ ಅದು ಇಲ್ಲದ ಕಾಯಿಲೆಯನ್ನು ಇದೆ ಎನ್ನಿಸಬಹುದು. ತಲೆಗೆ ಪೆಟ್ಟು ಬಿದ್ದಾಗ ಇರುವ ಅಪಾಯವನ್ನು ಇಲ್ಲ ಎನ್ನಿಸಬಹುದು.

ಸೈನಸ್‌ ಎಕ್ಸ್-ರೇಗೆಂದು ಬರೆದುಕೊಟ್ಟ ಚೀಟಿಯಲ್ಲಿ ಸಾಮಾನ್ಯವಾಗಿ ‘ಪಿಎನ್‌ಎಸ್, ವಾಟರ್ಸ್ ವ್ಯೂ’ ಎಂದಿರುತ್ತದೆ. ಸೈನಸ್ ಎಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿ ತುಂಬಿದ ಟೊಳ್ಳು; ಪಿಎನ್‌ಎಸ್ ಎಂದರೆ ಈ ಸೈನಸ್‌ಗಳೇ, ವಾಟರ್ಸ್ ವ್ಯೂ ಎಂದರೆ ಅವನ್ನು ತೆಗೆಯುವ ಒಂದು ಭಂಗಿ. ಗದ್ದವನ್ನು ಮೇಲಕ್ಕೆತ್ತಿ ಪ್ಲೇಟಿಗೆ ಒತ್ತಿ, ಹೆಚ್ಚಾಗಿ ಬಾಯಿ ತೆರೆದು, ಅಲುಗಾಡದೆ ಇರಬೇಕು. ಗದ್ದ ಎತ್ತಿದಾಗ ಕಿವಿಯ ಒಳಭಾಗದ ದಟ್ಟ ಮೂಳೆಯ ನೆರಳು ಕೆನ್ನೆಯ ಸೈನಸ್‌ಗಳ ಮೇಲೆ ಬೀಳದೆ ಕೆಳಕ್ಕೆ ಸರಿಯುತ್ತದೆ. ನಿಂತೋ ಕುಳಿತೋ ತೆಗೆಸುವುದು ಮುಖ್ಯ. ಮಲಗಿಸಿ ತೆಗೆದರೆ ಒಳಗಿನ ದ್ರವ ಹರಡಿಕೊಂಡು ಅದರ ಮಟ್ಟದ ಗೆರೆ ಕಾಣುವುದಿಲ್ಲ. ಓಲೆ, ಮೂಗುತಿ, ಹೇರ್‌ಪಿನ್, ಹಲ್ಲಿನ ಸೆಟ್ ಎಲ್ಲವನ್ನೂ ತೆಗೆದಿಡಬೇಕು. ಬಿಗಿಯಾಗಿ ಹೆಣೆದ ಜಡೆಯೂ ಕೆಲವೊಮ್ಮೆ ಫಿಲ್ಮ್ ಮೇಲೆ ನೆರಳಾಗಿ ಬಂದು ಗೊಂದಲ ಹುಟ್ಟಿಸುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ರಿಪೋರ್ಟಿನಲ್ಲಿ ಬರುವುದು ‘ಬಲಗಡೆಯ ಮ್ಯಾಕ್ಸಿಲರಿ ಸೈನಸ್‌ನಲ್ಲಿ ಹೇಝಿನೆಸ್’, ಅಂದರೆ ಬಲಗೆನ್ನೆಯ ಸೈನಸ್ ಮಂಜಾಗಿ ಕಾಣುತ್ತಿದೆ, ಎಂಬಂಥ ಒಂದು ಸಾಲು. ಅದನ್ನು ಓದಿದ ರೋಗಿ ತನಗೆ ಆಂಟಿಬಯೋಟಿಕ್ ಬೇಕೇಬೇಕು ಎಂದು ತೀರ್ಮಾನಿಸಿಬಿಡುತ್ತಾನೆ. ಅಮೆರಿಕದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಮಾನ್ಯ ನೆಗಡಿಯಾಗಿದ್ದ 31 ಮಂದಿಗೆ ಸಿಟಿ ಸ್ಕ್ಯಾನ್ ಮಾಡಿದಾಗ 27 ಮಂದಿಯ ಕೆನ್ನೆಯ ಸೈನಸ್‌ಗಳಲ್ಲಿ ಇಂಥ ವ್ಯತ್ಯಾಸ ಕಂಡಿತ್ತು; ಎರಡು ವಾರಗಳ ನಂತರ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಅವರಲ್ಲಿ ಹೆಚ್ಚಿನವರಿಗೆ ಆಂಟಿಬಯೋಟಿಕ್ ಇಲ್ಲದೆಯೇ ಅದು ವಾಸಿಯಾಗಿತ್ತು ಅಥವಾ ಬಹಳ ಕಡಿಮೆಯಾಗಿತ್ತು. ಅಂದರೆ ಸೈನಸ್ ಮಂಜಾಗಿ ಕಾಣುವುದು ನೆಗಡಿಯ ಒಂದು ಭಾಗವೇ. ಆ ಮಂಜಿನ ಹಿಂದೆ ಇರುವುದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬುದನ್ನು ಯಾವ ಫಿಲ್ಮೂ ಹೇಳಲಾರದು. ವೈದ್ಯರು ಅದನ್ನು ಅಂದಾಜಿಸುವುದು ಹತ್ತು ದಿನವಾದರೂ ಕಡಿಮೆಯಾಗಲಿಲ್ಲವೇ, ಕಡಿಮೆಯಾಗಿದ್ದದ್ದು ಮತ್ತೆ ಉಲ್ಬಣಿಸಿತೇ ಎಂಬ ಲೆಕ್ಕದ ಮೇಲೆ. ಪುಟ್ಟ ಮಕ್ಕಳಲ್ಲಂತೂ ಹಣೆಯ ಸೈನಸ್ ಇನ್ನೂ ಬೆಳೆದೇ ಇರುವುದಿಲ್ಲ. ಮೂರು ತಿಂಗಳು ಮೀರಿದ ತೊಂದರೆಗೆ ಬೇಕಾಗುವುದು ಮೂಗಿನ ಎಂಡೋಸ್ಕೋಪಿ ಮತ್ತು ಸಿಟಿ ಸ್ಕ್ಯಾನ್.

ಹಾಗಿದ್ದರೂ ಎಕ್ಸ್-ರೇ ಏಕೆ ನಡೆಯುತ್ತಲೇ ಇದೆ? ಅದು ಅಗ್ಗ, ಹತ್ತಿರದಲ್ಲೇ ಸಿಗುತ್ತದೆ. ಜೊತೆಗೆ, ಏನೂ ಟೆಸ್ಟ್ ಬರೆಯದ ಡಾಕ್ಟರ ಮೇಲೆ ನಮಗೇ ನಂಬಿಕೆ ಕಡಿಮೆ. ತಪ್ಪನ್ನೆಲ್ಲ ಆಸ್ಪತ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ಕುತ್ತಿಗೆ ಬಿಗಿತ, ಸಕ್ಕರೆ ಕಾಯಿಲೆ ಇರುವವರಿಗೆ ಮುಖದ ಒಂದು ಪಕ್ಕ ಮರಗಟ್ಟುವುದು, ಇವು ಕಂಡರೆ ಎಕ್ಸ್-ರೇಯಲ್ಲಿ ಸಮಯ ಕಳೆಯಬಾರದು. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಇವುಗಳಲ್ಲಿ ಕೆಲವು ಲಕ್ಷಣಗಳನ್ನು ನಾವೆಲ್ಲ ಕೇಳಿದ್ದೆವು.

ತಲೆಗೆ ಪೆಟ್ಟಾದಾಗ ಫಿಲ್ಮ್ ತಪ್ಪು ದಾರಿ ಹಿಡಿಸುವುದು ಇದರ ಉಲ್ಟಾ ರೀತಿಯಲ್ಲಿ, ಮತ್ತು ಅದು ಹೆಚ್ಚು ಅಪಾಯಕಾರಿ. ಬುರುಡೆಯ ಎಕ್ಸ್-ರೇಯಲ್ಲಿ ಕಾಣುವುದು ಮೂಳೆ ಮಾತ್ರ. ಮಿದುಳಾಗಲಿ, ಅದರ ಸುತ್ತ ಹೆಪ್ಪುಗಟ್ಟಿದ ರಕ್ತವಾಗಲಿ ಕಾಣುವುದಿಲ್ಲ. ಮೂಳೆ ಸೀಳದೆಯೂ ಒಳಗೆ ರಕ್ತಸ್ರಾವವಾಗಬಹುದು. ಬೈಕಿನಿಂದ ಬಿದ್ದವರು ‘ಎಕ್ಸ್-ರೇ ನಾರ್ಮಲ್’ ಎಂಬ ಧೈರ್ಯದಲ್ಲಿ ಮನೆಗೆ ಹೋಗಿ ಮಲಗುವುದು ನನ್ನ ದೃಷ್ಟಿಯಲ್ಲಿ ಏನೂ ತೆಗೆಸದೆ ಎಚ್ಚರದಿಂದಿರುವುದಕ್ಕಿಂತ ಕೆಟ್ಟದ್ದು. ಎಚ್ಚರ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಹೆಚ್ಚುತ್ತಿದ್ದರೆ, ಫಿಟ್ಸ್ ಬಂದರೆ, ಮೂಗು ಕಿವಿಗಳಿಂದ ರಕ್ತವೋ ನೀರಿನಂಥ ದ್ರವವೋ ಸೋರಿದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಾಗಿದ್ದರೆ, ಸಿಟಿ ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಸಿಟಿಯ ವಿಕಿರಣ ಸುಮಾರು 2 ಮಿಲಿಸೀವರ್ಟ್, ಅಂದರೆ ಎಕ್ಸ್-ರೇಗಿಂತ ಎಷ್ಟೋ ಪಟ್ಟು ಹೆಚ್ಚು; ಆದರೂ ಈ ಸಂದರ್ಭದಲ್ಲಿ ಆ ಲೆಕ್ಕ ಹಾಕುತ್ತ ಕೂರುವಂತಿಲ್ಲ.

ಹಾಗೆಂದು ಈ ಎಕ್ಸ್-ರೇಗಳಿಗೆ ಕೆಲಸವೇ ಇಲ್ಲವೆಂದಲ್ಲ. ಎಂಆರ್‌ಐ ಯಂತ್ರದ ಬಲವಾದ ಆಯಸ್ಕಾಂತ ಕಣ್ಣೊಳಗೆ ಸಿಕ್ಕಿಕೊಂಡಿರುವ ಕಬ್ಬಿಣದ ಚೂರನ್ನು ಅಲುಗಾಡಿಸಿ ದೃಷ್ಟಿಗೇ ಕುತ್ತು ತರಬಹುದಾದ್ದರಿಂದ, ವೆಲ್ಡಿಂಗ್, ಲೇತ್, ಗ್ರೈಂಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಸಿಡಿದವರಿಗೆ ಮೊದಲು ಕಣ್ಣುಗೂಡಿನ ಎಕ್ಸ್-ರೇ ತೆಗೆಯುವುದುಂಟು. ಅಂಥ ಕೆಲಸ ಬಿಟ್ಟು ಎಷ್ಟೇ ವರ್ಷವಾಗಿದ್ದರೂ ಎಂಆರ್‌ಐ ಕೋಣೆಗೆ ಹೋಗುವ ಮೊದಲು ಅಲ್ಲಿನ ಟೆಕ್ನಿಶಿಯನ್‌ಗೆ ಅದನ್ನು ತಿಳಿಸಿ.