ಕಾರ್ಟಿಸೋಲ್ ಇಳಿಸಲು ಹೊರಟವರಿಗೆ ಒಂದು ಮಾತು

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಮುಂಬಯಿ ಬಳಿಯ ಡೊಂಬಿವಲಿಯ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ಸರ್, ವರ್ಷಗಟ್ಟಲೆ ಫಾಸ್ಟ್ ಲೋಕಲ್ ರೈಲಿನಲ್ಲಿ ನೇತಾಡಿ ನನ್ನ ಅಡ್ರಿನಲ್ ಗ್ರಂಥಿ ದಣಿದುಹೋಗಿದೆಯಂತೆ. ಜಿಮ್‌ನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಳಿಸುವ ಪುಡಿ ಕೊಟ್ಟಿದ್ದಾರೆ. ತೆಗೆದುಕೊಳ್ಳಲೇ?” ಬೇಡ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಆದರೆ “ನಾನೂ ತಗೋತಿದ್ದೀನಿ, ಸೂಪರ್” ಎಂಬ ಉತ್ತರಗಳ ಸಾಲನ್ನು ಕಂಡು ನನಗೇ ಅಡ್ರಿನಲಿನ್ ಏರಿದ್ದರಿಂದ ಈ ಸಂಚಿಕೆ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು, ತಲಾ ನಾಲ್ಕೈದು ಗ್ರಾಂ ತೂಗುವ ಈ ಗ್ರಂಥಿ ಅಪ್ಪಣೆಯಂತೆ ನಡೆಯುತ್ತದೆ. ಮೆದುಳಿನ ಹೈಪೊಥಾಲಮಸ್ ಸಿಆರ್‌ಎಚ್ ಎಂಬ ಸಂಕೇತವನ್ನು ಕಳುಹಿಸುತ್ತದೆ, ಅದರಿಂದ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಆಗ ಅಡ್ರಿನಲ್‌ನ ಹೊರಪದರ ಕಾರ್ಟಿಸೋಲನ್ನು ತಯಾರಿಸುತ್ತದೆ. ಕಾರ್ಟಿಸೋಲ್ ಸಾಕಷ್ಟಾದಾಗ ಅದೇ ಮೇಲಕ್ಕೆ ಹೋಗಿ ಮೊದಲೆರಡು ಸಂಕೇತಗಳನ್ನು ತಗ್ಗಿಸುತ್ತದೆ. ನಮ್ಮ ಸೊಸೈಟಿಯ ತಾರಸಿಯ ಮೇಲಿನ ಟಾಕಿಯಲ್ಲಿ ನೀರು ಏರಿದೊಡನೆ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುವುದೂ ಇದೇ ತತ್ತ್ವದಿಂದ. ಸಾಮಾನ್ಯವಾಗಿ ಬೆಳಗಿನ ಜಾವದಿಂದ ಏರುತ್ತ ಏಳುವ ಹೊತ್ತಿಗೆ ಹೆಚ್ಚಾಗಿ, ನಡುರಾತ್ರಿಯ ಸುಮಾರಿಗೆ ತಳಮುಟ್ಟುವ ಕಾರ್ಟಿಸೋಲಿನ ದಿನಚರಿಯನ್ನು ನಡೆಸುವುದು ಮೆದುಳಿನ ಗಡಿಯಾರ. ಪುಡಿಯ ಡಬ್ಬಿಗೆ ಇದರಲ್ಲಿ ಕೆಲಸವೇನು?

“ಸರ್, ಲೋಕಲ್‌ನ ನೂಕುನುಗ್ಗಲು ಒತ್ತಡವಲ್ಲವೇ?” ಒತ್ತಡವೇ. ದಾದರ್‌ನಲ್ಲಿ ಇಳಿಯಲಾರದೆ ಪರೇಲ್‌ವರೆಗೆ ಹೋದವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಆ ಕ್ಷಣದಲ್ಲಿ ಎದೆ ಬಡಿಯುವಂತೆ ಮಾಡುವುದು ಗ್ರಂಥಿಯ ಒಳಭಾಗದಿಂದ ನರಗಳ ಅಪ್ಪಣೆಯ ಮೇರೆಗೆ ಬರುವ ಅಡ್ರಿನಲಿನ್, ಅದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಮೇ ತಿಂಗಳ ಬೆವರಿನಲ್ಲಿ ಉಪ್ಪು ಕಳೆದುಕೊಂಡಾಗ ಅದನ್ನು ಉಳಿಸಿಕೊಳ್ಳುವ, ಇದೇ ಗ್ರಂಥಿಯ ಆಲ್ಡೊಸ್ಟೆರೋನ್ ಹಾರ್ಮೋನ್ ಬೇರೆಯೇ ದಾರಿಯ ಮಾತನ್ನು ಕೇಳುತ್ತದೆ: ಮುಖ್ಯವಾಗಿ ಮೂತ್ರಪಿಂಡದ ರೆನಿನ್ ಎಂಬ ಕಿಣ್ವದಿಂದ ಶುರುವಾಗುವ ಸರಣಿ ಮತ್ತು ರಕ್ತದ ಪೊಟ್ಯಾಸಿಯಂ. ಒಂದೇ ಗ್ರಂಥಿಯಲ್ಲಿ ಮೂರು ಬಗೆಯ ಅಪ್ಪಣೆಗಳು ನಡೆಯುತ್ತಿರುವಾಗ, ಒಂದು ಚಮಚ ಪುಡಿ ಎಲ್ಲವನ್ನೂ “ಸಮತೋಲನಗೊಳಿಸುತ್ತದೆ” ಎನ್ನುವವರ ಧೈರ್ಯವನ್ನು ಮೆಚ್ಚಲೇಬೇಕು. (ಇಂಥ ಧೈರ್ಯವಂತರ ಬಗ್ಗೆ ಮಾಡಿದ ಹಳೆಯ ಸಂಚಿಕೆಯ ಕೊಂಡಿ ಕೆಳಗಿದೆ, ಬೆಲ್ ಒತ್ತಿ.)

ಗ್ರಂಥಿ ನಿಜವಾಗಿಯೂ ಸೋತಾಗ ಏನಾಗುತ್ತದೆ ಎಂಬುದು ತಿಳಿಯದ ಸಂಗತಿಯೇನಲ್ಲ. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಅದನ್ನು ವರ್ಣಿಸಿದರು. ಆ ರೋಗದಲ್ಲಿ ತೂಕ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಅಂಗೈಯ ಗೆರೆಗಳೂ ಬಾಯಿಯ ಒಳಭಾಗವೂ ಕಪ್ಪಾಗುತ್ತವೆ, ಉಪ್ಪಿಗಾಗಿ ನಾಲಿಗೆ ಹಾತೊರೆಯುತ್ತದೆ. ಅವರ ಹಲವು ರೋಗಿಗಳಲ್ಲಿ ಕ್ಷಯ ಈ ಗ್ರಂಥಿಯನ್ನು ತಿಂದುಹಾಕಿತ್ತು. ನಮ್ಮ ದೇಶದಲ್ಲಿ ಇಂದಿಗೂ ಕ್ಷಯ ಅದರ ಒಂದು ಪ್ರಮುಖ ಕಾರಣ. ಇದು ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುವ, ಹಾರ್ಮೋನನ್ನೇ ಔಷಧಿಯಾಗಿ ಕೊಟ್ಟು ನಿಭಾಯಿಸಬೇಕಾದ ರೋಗ. “ಅಡ್ರಿನಲ್ ದಣಿವು” ಎಂಬುದು ಅದಲ್ಲ. ಅದರ ಮೇಲಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ 2016ರ ಒಂದು ವಿಮರ್ಶಾ ಲೇಖನ ಅಂಥ ಕಾಯಿಲೆಗೆ ಪುರಾವೆಯಿಲ್ಲ ಎಂದೇ ತೀರ್ಮಾನಿಸಿತು.

“ಆದರೆ ನನ್ನ ಸುಸ್ತು ನಿಜ” ಎನ್ನುತ್ತೀರಿ. ನಿಜವೇ ಇರಲಿ. ಹಿಮೋಗ್ಲೋಬಿನ್ ನೋಡಿಸಿ, ಥೈರಾಯ್ಡ್ ನೋಡಿಸಿ, ರಾತ್ರಿ ಒಂದು ಗಂಟೆಯವರೆಗೆ ನನ್ನ ಸಂಚಿಕೆಗಳನ್ನು ನೋಡುವುದನ್ನು ಬಿಡಿ. ಬೇಡ, ಹಗಲು ನೋಡಿ. ಗ್ರಂಥಿ ಮಾತ್ರ ಅಪ್ಪಣೆಯಂತೆಯೇ ನಡೆಯುತ್ತದೆ!

ಪುಡಿಯಿಂದ ಹಾನಿಯೇನು ಎಂದು ಕೇಳುವವರಿಗೆ ಉತ್ತರವೂ ಆ ಅಪ್ಪಣೆಯಲ್ಲಿಯೇ ಇದೆ. ಅಮೆರಿಕದಲ್ಲಿ “ಅಡ್ರಿನಲ್‌ಗೆ ಬಲ” ಎಂದು ಮಾರುವ 12 ಉತ್ಪನ್ನಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಾಗ ಎಲ್ಲದರಲ್ಲೂ ಥೈರಾಯ್ಡ್ ಹಾರ್ಮೋನ್, ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಕೂಡ ಸಿಕ್ಕಿತ್ತು. ಕಾರ್ಟಿಸೋಲಿನಂತೆ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ವಾರಗಟ್ಟಲೆ ಒಳಬಂದರೆ ಎಸಿಟಿಎಚ್ ನಿಲ್ಲುತ್ತದೆ, ಗ್ರಂಥಿ ಕುಗ್ಗುತ್ತದೆ, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ವೈದ್ಯರು ಬರೆದುಕೊಟ್ಟ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಔಷಧಿಯನ್ನು ಹಂತಹಂತವಾಗಿ ಇಳಿಸುವುದು ಇದಕ್ಕಾಗಿಯೇ. ನನ್ನ ಮಾತು ಕೇಳಿ ಅದನ್ನು ನಿಲ್ಲಿಸಿಬಿಟ್ಟೀರಿ, ಜೋಕೆ.

“ನಮ್ಮ ಜಿಮ್‌ನ ಅಣ್ಣ ಸರ್ಟಿಫಿಕೇಟ್ ಇರುವವರು.” ಇರಲಿ, ಗೋಡೆಗೆ ಒಪ್ಪುತ್ತದೆ. “ಕಾರ್ಟಿಸೋಲ್ ಇಳಿಸುವ ಚಹಾ ಆದರೂ?” ಚಹಾ ಕುಡಿಯಿರಿ, ಕಟಿಂಗ್ (ಅರ್ಧ ಲೋಟ) ಆದರೆ ಇನ್ನೂ ಒಳ್ಳೆಯದು. ಗ್ರಂಥಿ ಅಪ್ಪಣೆಯಂತೆ ನಡೆಯುತ್ತದೆ, ಎಷ್ಟು ಸಲ ಹೇಳಲಿ! ಮುಂದಿನ ಗುರುವಾರ ಥೈರಾಯ್ಡ್. ಅದಕ್ಕೂ ಒಂದು ಪುಡಿ ಇದೆಯಂತೆ, ಹೆಸರು ಗೊತ್ತಿದ್ದವರು ಕಾಮೆಂಟಿನಲ್ಲಿ ಬರೆಯಿರಿ.