ಅಂಕೋರ್ ನೋಡೋಕೆ ಹೊರಟವರಿಗೆ: ಪಾಸ್, ಬೆಳಕು, ಗೋಡೆ, ಊಟ

[ದೃಶ್ಯ: ನಸುಕಿನಲ್ಲಿ ಅಂಕೋರ್ ವಾಟ್‌ನ ಉತ್ತರ ಕೊಳ. ದಂಡೆ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲ್.]

ನಮಸ್ಕಾರ. ಇದು ಕಾಂಬೋಡಿಯಾದ ಅಂಕೋರ್ ವಾಟ್ ದೇವಸ್ಥಾನ. ಬೆಳಗಿನ ಜಾವ ಐದೂವರೆಗೆ ಈ ಕೊಳದ ದಂಡೆ ಹೀಗಿರುತ್ತೆ. ಸೂರ್ಯ ಹುಟ್ಟಿ ಅರ್ಧ ಗಂಟೆ ಆಗೋದರೊಳಗೆ ಇವರಲ್ಲಿ ಬಹಳಷ್ಟು ಜನ ತಿಂಡಿಗೆ ಅಂತ ಹೋಟೆಲ್ ದಾರಿ ಹಿಡೀತಾರೆ. ಒಳಗೆ ಕೆತ್ತಿರೋ ಕುರುಕ್ಷೇತ್ರ, ಲಂಕಾಯುದ್ಧ, ಸಮುದ್ರಮಥನ ಎಲ್ಲ ಗೋಡೆ ಮೇಲೇ ಉಳಿಯುತ್ತೆ. ಭೀಷ್ಮನ ಶರಶಯ್ಯೆ ಯಾವುದು ಅಂತ ನಮ್ಮವರಿಗೆ ಯಾರೂ ತೋರಿಸಿಕೊಡಬೇಕಾಗಿಲ್ಲ. ಹಾಗಿದ್ದೂ ಬರೀ ಸೂರ್ಯೋದಯದ ಫೋಟೋ ಹಿಡಿದು ವಾಪಸ್ ಬರೋದು ದಂಡ. ಈ ವಿಡಿಯೋದಲ್ಲಿ ಆ ಗೋಡೆಗಳನ್ನು ಸರಿಯಾದ ಬೆಳಕಲ್ಲಿ ನೋಡೋದು ಹೇಗೆ, ಅಲ್ಲಿಗೆ ತಲುಪೋ ಮುಂಚೆ ಎಲ್ಲೆಲ್ಲಿ ಎಡವಟ್ಟಾಗುತ್ತೆ ಅನ್ನೋದನ್ನು ನೋಡೋಣ.

ಮೊದಲು ವೀಸಾ. ಪ್ರವಾಸಿ ಇ-ವೀಸಾದ ಮೂಲ ಶುಲ್ಕ 30 ಡಾಲರ್, ಮೂವತ್ತು ದಿನ ಇರಬಹುದು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಬಾಕಿ ಇರಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರೋ ತಾಣಗಳಲ್ಲಿ ಕೆಲವು ಏಜೆಂಟರವು. ನೋಡೋಕೆ ಸರ್ಕಾರದ್ದರ ಹಾಗೇ ಇರುತ್ತವೆ, ವಸೂಲಿ ಮಾತ್ರ ದುಬಾರಿ. ವಿಳಾಸದ ಕೊನೆಯಲ್ಲಿ ‘ಡಾಟ್ ಜಿಒವಿ ಡಾಟ್ ಕೆಎಚ್’ ಅಂತ ಇದ್ದರೆ ಮಾತ್ರ ಅದು ಸರ್ಕಾರದ್ದು. ವಿಮಾನದಲ್ಲಿ ಹೋಗೋರು ಇ-ಅರೈವಲ್ ಫಾರಂ ಕೂಡ ತುಂಬಬೇಕು. ಹೊರಡೋ ಮುಂಚಿನ ಏಳು ದಿನದೊಳಗೆ ತುಂಬಿದರೆ ಸಾಕು, ಅದಕ್ಕೆ ದುಡ್ಡಿಲ್ಲ. ಯಾರಾದರೂ ಶುಲ್ಕ ಕೇಳಿದರೆ ನೀವು ತಪ್ಪು ತಾಣದಲ್ಲಿದ್ದೀರಿ ಅಂತಲೇ ಅರ್ಥ.

ಬೆಂಗಳೂರಿಂದ ಹೋಗೋರು ಸಾಮಾನ್ಯವಾಗಿ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಾಯಿಸ್ತಾರೆ. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡರೆ ಬ್ಯಾಂಕಾಕ್‌ನಲ್ಲಿ ಸಿಕ್ಕಿಬೀಳೋ ಸಾಧ್ಯತೆ ಹೆಚ್ಚು. ಅಲ್ಲಿ ಎರಡು ವಿಮಾನ ನಿಲ್ದಾಣ: ಸುವರ್ಣಭೂಮಿ ಒಂದು, ಡಾನ್ ಮುವಾಂಗ್ ಇನ್ನೊಂದು. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತಬೇಕಾದರೆ ವಲಸೆ ತಪಾಸಣೆ ಮುಗಿಸಿ, ಲಗೇಜ್ ತಗೊಂಡು, ಊರ ಟ್ರಾಫಿಕ್ ದಾಟಬೇಕು. ಬ್ಯಾಂಕಾಕ್‌ನಿಂದ ಬಸ್ಸಲ್ಲಿ ಗಡಿ ದಾಟಿ ಅಂತ ಹೇಳೋ ಹಳೇ ವಿಡಿಯೋಗಳನ್ನು ನಂಬಬೇಡಿ. 2025ರಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ಎರಡೂ ದೇಶಗಳ ಸೈನ್ಯ ಗಡಿಯಲ್ಲಿ ಕಾದಾಡಿದವು, ಭೂಗಡಿ ಬಾಗಿಲು ಮುಚ್ಚಿದವು. ಗಡಿಯ ಮೇಲೇ ಇರೋ ಪ್ರೆಆ ವಿಹಿಯರ್ ದೇವಸ್ಥಾನದ ಆಸೆಯನ್ನು ಸದ್ಯಕ್ಕೆ ಬಿಡಿ. ಹೊರಡೋ ಮುಂಚೆ ರಾಜಧಾನಿ ನಾಮ್ ಪೆನ್‌ನಲ್ಲಿರೋ ಭಾರತೀಯ ರಾಯಭಾರ ಕಚೇರಿಯ ಸೂಚನೆ ಒಮ್ಮೆ ನೋಡಿಕೊಳ್ಳಿ.

ಅಂಕೋರ್‌ಗೆ ಹತ್ತಿರದ ಊರು ಸಿಯೆಮ್ ರೀಪ್. ಅದರ ಹೊಸ ವಿಮಾನ ನಿಲ್ದಾಣ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಹಳೆಯದು ಊರಿನ ಪಕ್ಕದಲ್ಲೇ ಇತ್ತು. ಹೊಸದು ಸುಮಾರು 50 ಕಿಲೋಮೀಟರ್ ದೂರ, ಒಂದು ಗಂಟೆ ದಾರಿ. ಹೋಟೆಲ್‌ನೋರು ಕರೆದುಕೊಂಡು ಹೋಗೋಕೆ ಬರ್ತಾರಾ ಅಂತ ಮೊದಲೇ ಕೇಳಿ, ಇಲ್ಲವಾದರೆ ನಿಲ್ದಾಣದ ಬಸ್ ಇದೆ.

[ತೆರೆಯ ಮೇಲೆ: 1 ದಿನ 37 ಡಾಲರ್ | 3 ದಿನ 62 ಡಾಲರ್ | 7 ದಿನ 72 ಡಾಲರ್]

ಈಗ ಅಂಕೋರ್ ಪಾಸ್, ಅಂದರೆ ಇಲ್ಲಿನ ದೇವಸ್ಥಾನಗಳನ್ನು ನೋಡೋಕೆ ಬೇಕಾದ ಟಿಕೆಟ್. ದೇವಸ್ಥಾನದ ಬಾಗಿಲಲ್ಲಿ ಟಿಕೆಟ್ ಕೊಡಲ್ಲ. ಆ ಕೌಂಟರ್ ಊರ ಹೊರಗೆ ಬೇರೆ ಕಡೆ ಇದೆ, ಅಲ್ಲಿ ನಿಮ್ಮ ಫೋಟೋ ತೆಗೆದು ಪಾಸ್ ಮೇಲೆ ಹಾಕ್ತಾರೆ. ಪಾಸ್ ಮಾರೋ ಸಂಸ್ಥೆ ಅಂಕೋರ್ ಎಂಟರ್‌ಪ್ರೈಸ್‌ನ ಅಧಿಕೃತ ತಾಣದಲ್ಲಿ ಆನ್‌ಲೈನ್ ಕೂಡ ಸಿಗುತ್ತೆ. ನಸುಕಿನಲ್ಲಿ ಹೋಗೋರಿಗೆ ಅದೇ ವಾಸಿ, ಯಾಕಂದ್ರೆ ಕೌಂಟರ್ ತೆರೆಯೋದೂ ಐದಕ್ಕೆ, ಅಂಕೋರ್ ವಾಟ್ ಬಾಗಿಲು ತೆರೆಯೋದೂ ಐದಕ್ಕೆ. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ಬಿಟ್ಟು ಬಿಟ್ಟು ಹೋದರೂ ನಡೆಯುತ್ತೆ. ಏಳು ದಿನದ್ದಕ್ಕೆ ಒಂದು ತಿಂಗಳ ಅವಧಿ. ನಮ್ಮ ಸಲಹೆ ಮೂರು ದಿನದ್ದು. ಒಂದು ದಿನದ ಪಾಸ್ ಹಿಡಿದು ಆರು ದೇವಸ್ಥಾನ ಸುತ್ತಿದರೆ ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ತಲೆ ಸಿಡಿಯುತ್ತೆ, ಬಾಯೋನ್ ಯಾವುದು ತಾ ಪ್ರೋಮ್ ಯಾವುದು ಅನ್ನೋದೂ ಕಲಸಿಹೋಗುತ್ತೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪಾಸ್ ಬೇಡ, ವಯಸ್ಸಿಗೆ ಸಾಕ್ಷಿಯಾಗಿ ಅವರ ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.

ಇನ್ನೊಂದು ಉಪಾಯ ಇದೆ. ಸಂಜೆ ಐದರ ಮೇಲೆ ಕೌಂಟರ್‌ನಲ್ಲಿ ಪಾಸ್ ಕೊಂಡರೆ ಅದರ ಲೆಕ್ಕ ಶುರುವಾಗೋದು ಮಾರನೇ ದಿನದಿಂದ, ಆದರೆ ಅವತ್ತಿನ ಸೂರ್ಯಾಸ್ತಕ್ಕೂ ಒಳಗೆ ಬಿಡ್ತಾರೆ. ಕೌಂಟರ್ ಐದೂವರೆಗೆ ಮುಚ್ಚುತ್ತೆ, ಹಾಗಾಗಿ ಇರೋ ಸಮಯ ಕಡಿಮೆ. ನಾಮ್ ಬಾಖೆಂಗ್ ಬೆಟ್ಟದ ಮೇಲೆ ಒಮ್ಮೆಗೆ 300 ಜನಕ್ಕೆ ಮಾತ್ರ ಅವಕಾಶ, ಆ ಹೊತ್ತಿಗೆ ಅಲ್ಲಿ ಸಾಲು ನಿಂತಿರುತ್ತೆ. ಪ್ರೆ ರೂಪ್ ದೇವಸ್ಥಾನ ಕೂಡ ಸಂಜೆ ಏಳರವರೆಗೆ ತೆರೆದಿರುತ್ತೆ, ಅಲ್ಲಿಗೇ ಹೋಗಿ.

[ದೃಶ್ಯ: ಅಂಕೋರ್ ವಾಟ್ ನಕ್ಷೆ, ಮೇಲಿನಿಂದ. ಪಶ್ಚಿಮ ಬಾಗಿಲಿಂದ ಹೊರಟ ಬಾಣದ ಗುರುತು ಬಲಕ್ಕೆ ತಿರುಗುತ್ತದೆ.]

ಅಂಕೋರ್ ವಾಟ್ ಕಟ್ಟಿಸಿದ್ದು ಎರಡನೇ ಸೂರ್ಯವರ್ಮ, ವಿಷ್ಣುವಿಗಾಗಿ. ಅವನು ಪಟ್ಟಕ್ಕೆ ಬಂದಿದ್ದು 1113ರಲ್ಲಿ. ನಮ್ಮಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹೆಚ್ಚುಕಮ್ಮಿ ಒಂದೇ ಕಾಲ, ಒಂದೇ ಕಥೆಗಳು. ಕಲ್ಲು, ಕೈ ಮಾತ್ರ ಬೇರೆ.

ದೇವಸ್ಥಾನದ ಮುಖ ಪಶ್ಚಿಮಕ್ಕಿದೆ. ಉಬ್ಬುಶಿಲ್ಪಗಳ ಮೊಗಸಾಲೆ ಸುತ್ತಲೂ ಇದೆ. ಒಳಗೆ ಕಾಲಿಟ್ಟ ತಕ್ಷಣ ಪ್ರದಕ್ಷಿಣೆಗೆ ಅಂತ ನಮ್ಮ ಕಾಲು ತಾನಾಗೇ ಎಡಕ್ಕೆ ಹೊರಡುತ್ತೆ. ಇಲ್ಲಿ ಬಲಕ್ಕೆ ಹೋಗಬೇಕು, ಅಂದರೆ ಗರ್ಭಗುಡಿ ಎಡಗೈ ಕಡೆ ಬರಬೇಕು. ಶಿಲ್ಪಗಳನ್ನು ಜೋಡಿಸಿರೋದೇ ಅಪ್ರದಕ್ಷಿಣವಾಗಿ. ಅಪರಕರ್ಮದ ಕ್ರಮ ಇದು, ಹಾಗಾಗಿ ಇದು ರಾಜನ ಸಮಾಧಿ ದೇಗುಲವೂ ಹೌದು ಅಂತ ಹಲವು ವಿದ್ವಾಂಸರ ಅಭಿಪ್ರಾಯ.

ಬಲಕ್ಕೆ ತಿರುಗಿದ ಕೂಡಲೇ ಕುರುಕ್ಷೇತ್ರ. ಗೋಡೆಗೆ ಮುಖ ಮಾಡಿ ನಿಂತರೆ ಎಡಗಡೆಯಿಂದ ಕೌರವ ಸೈನ್ಯ, ಬಲಗಡೆಯಿಂದ ಪಾಂಡವರದ್ದು. ಎರಡೂ ಅಂಚಲ್ಲಿ ಶಿಸ್ತಾಗಿ ಸಾಲು ಹಿಡಿದು ಹೊರಟ ಕಾಲಾಳುಗಳು ನಡುವಿಗೆ ಬರ್ತಾ ಬರ್ತಾ ಒಬ್ಬರ ಮೇಲೊಬ್ಬರು ಬೀಳ್ತಾರೆ. ಎಡಭಾಗದಲ್ಲಿ ಮೇಲ್ಗಡೆ ಬಾಣಗಳ ಮೇಲೆ ಮಲಗಿದ ಭೀಷ್ಮ ಸಿಕ್ತಾನೆ. ಅರ್ಜುನನ ರಥದಲ್ಲಿರೋ ಸಾರಥಿಯ ತೋಳು ಎಣಿಸಿ: ನಾಲ್ಕು. ಕೆಲವು ಕಡೆ ಕಲ್ಲು ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿರಮಿರ ಮಿಂಚುತ್ತೆ, ಜನ ಮುಟ್ಟಿ ಮುಟ್ಟಿ ಆಗಿರೋದು ಅದು. ನೀವು ಮುಟ್ಟಬೇಡಿ.

ಪಶ್ಚಿಮದ ಮೊಗಸಾಲೆಯ ಉತ್ತರ ಅರ್ಧದಲ್ಲಿ ಲಂಕಾಯುದ್ಧ ಇದೆ. ಹನುಮಂತನ ಹೆಗಲ ಮೇಲೆ ನಿಂತ ರಾಮ, ಎದುರಿಗೆ ಹತ್ತು ತಲೆ ಇಪ್ಪತ್ತು ತೋಳಿನ ರಾವಣ. ದಕ್ಷಿಣದ ಗೋಡೆಯಲ್ಲಿ ರಾಜನ ಸೈನ್ಯದ ಮೆರವಣಿಗೆ, ಮುಂದೆ ಯಮ, ಚಿತ್ರಗುಪ್ತ, ಸ್ವರ್ಗ ನರಕ. ಪೂರ್ವಕ್ಕೆ ತಿರುಗಿದರೆ ಸಮುದ್ರಮಥನ, ಸುಮಾರು 49 ಮೀಟರ್ ಉದ್ದ. ಎಡಕ್ಕೆ 92 ಅಸುರರು, ಬಲಕ್ಕೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಇಲ್ಲಿ ಬಗ್ಗಿ ಕಡಲಿನ ಪಟ್ಟಿಯನ್ನು ನೋಡಿ. ಅಂಚುಗಳಲ್ಲಿ ಮೀನು, ಮೊಸಳೆ ಎಲ್ಲ ಇಡಿಯಾಗಿವೆ. ಮಂದರ ಪರ್ವತ ಹತ್ತಿರ ಬಂದಂತೆ ಕಡೆಯೋ ರಭಸಕ್ಕೆ ಅದೇ ಮೀನು ತುಂಡು ತುಂಡು. ಇದನ್ನು ನೋಡದೇ ಮುಂದೆ ಹೋಗೋರೇ ಜಾಸ್ತಿ.

ಬೆಳಕಿನ ಲೆಕ್ಕ ಹೀಗೆ: ಪೂರ್ವದ ಗೋಡೆಗೆ ಬೆಳಗಿನ ಬೆಳಕು, ಪಶ್ಚಿಮದ ಗೋಡೆಗೆ ಮಧ್ಯಾಹ್ನ ಮೂರರ ನಂತರದ ಬೆಳಕು. ಉಬ್ಬುಶಿಲ್ಪದಲ್ಲಿ ಓರೆ ಬೆಳಕು ಬಿದ್ದರೇ ಗೆರೆ ಏಳೋದು. ಹಾಗಾಗಿ ಸೂರ್ಯೋದಯ ಆದ ಮೇಲೆ ಎಲ್ಲರೂ ಹೊರಗೆ ಹೊರಟಾಗ ನೀವು ಸೀದಾ ಪೂರ್ವದ ಮೊಗಸಾಲೆಗೆ ನಡೆಯಿರಿ. ಕುರುಕ್ಷೇತ್ರ, ಲಂಕೆಗೆ ಇನ್ನೊಂದು ದಿನ ಮಧ್ಯಾಹ್ನ ಬನ್ನಿ. ಮೂರು ದಿನದ ಪಾಸ್ ಅಂದಿದ್ದು ಇದಕ್ಕೇ. ತಿಂಡಿ ಕಟ್ಟಿಸಿಕೊಂಡು ಹೋಗಿ, ನೀರು ಒಬ್ಬರಿಗೆ ಎರಡು ಲೀಟರ್ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮೇಲಿನ ಅಂತಸ್ತು ಬಾಕಾನ್. ಮೆಟ್ಟಿಲು ಏಣಿಯಷ್ಟೇ ಕಡಿದು, ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಪ್ರವೇಶ ಇಲ್ಲ. ಹೆಗಲು, ಮಂಡಿ ಮುಚ್ಚಿರಬೇಕು. ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೆ ಒಪ್ಪಲ್ಲ, ಸಾಲಲ್ಲಿ ನಿಂತು ನಿಂತು ಕೊನೆಗೆ ವಾಪಸ್ ಕಳಿಸ್ತಾರೆ. ಬೌದ್ಧರ ಪವಿತ್ರ ದಿನಗಳಲ್ಲಿ ಬಾಕಾನ್ ಮುಚ್ಚಿರುತ್ತೆ. ಅವು ಹುಣ್ಣಿಮೆ, ಅಮಾವಾಸ್ಯೆ ಮತ್ತು ಎರಡು ಅಷ್ಟಮಿ. ಮನೆಯ ಪಂಚಾಂಗ ನೋಡಿದರೂ ಅಂದಾಜು ಸಿಗುತ್ತೆ, ಒಂದು ದಿನ ಆಚೀಚೆ ಆಗಬಹುದು ಅಷ್ಟೆ.

[ದೃಶ್ಯ: ಬಂತೆಯ್ ಸ್ರೇ, ಕೆಂಪುಗಲ್ಲಿನ ಹತ್ತಿರದ ಚಿತ್ರಣ.]

ಇನ್ನೊಂದು ದಿನವನ್ನು ಬಂತೆಯ್ ಸ್ರೇಗೆ ಇಡಿ. ಸಿಯೆಮ್ ರೀಪ್‌ನಿಂದ 35 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ. 967ರಲ್ಲಿ ಪ್ರತಿಷ್ಠೆಯಾದ ಶಿವನ ದೇವಸ್ಥಾನ, ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಅನ್ನೋ ವಿದ್ವಾಂಸ. ಗುಡಿ ಪುಟ್ಟದು, ಕೆತ್ತನೆ ಮಾತ್ರ ಕುಸುರಿ. ಇಲ್ಲಿ ‘ಗ್ರಂಥಾಲಯ’ ಅಂತ ಕರೆಯೋ ಎರಡು ಸಣ್ಣ ಕಟ್ಟಡಗಳಿವೆ. ದಕ್ಷಿಣದ್ದರ ಪೂರ್ವ ಮುಖದಲ್ಲಿ ರಾವಣ ಕೈಲಾಸ ಎತ್ತುತ್ತಿದ್ದಾನೆ, ಪಾರ್ವತಿ ಹೆದರಿ ಶಿವನನ್ನು ಆತುಕೊಂಡಿದ್ದಾಳೆ. ಪಶ್ಚಿಮ ಮುಖದಲ್ಲಿ ಕಾಮದಹನ. ಉತ್ತರದ್ದರಲ್ಲಿ ಒಂದು ಕಡೆ ಖಾಂಡವವನದ ಮೇಲೆ ಇಂದ್ರನ ಮಳೆ, ಇನ್ನೊಂದು ಕಡೆ ಕಂಸವಧೆ. ಗರ್ಭಗುಡಿಯ ಸುತ್ತ ಹಗ್ಗ ಕಟ್ಟಿದ್ದಾರೆ, ಹಾಗಾಗಿ ಚಿಕ್ಕ ದುರ್ಬೀನು ಇದ್ದರೆ ಉಪಯೋಗಕ್ಕೆ ಬರುತ್ತೆ. ಬಾಗಿಲು ತೆರೆಯೋ ಹೊತ್ತಿಗೇ ಇರಿ. ಒಂಬತ್ತರ ಮೇಲೆ ಬಸ್ಸುಗಳು ಬರ್ತವೆ, ಓಡಾಡೋ ಜಾಗ ಕಿರಿದು.

ಬಾಯೋನ್, ತಾ ಪ್ರೋಮ್, ಪ್ರೆಆ ಖಾನ್ ಮೂರೂ ಏಳನೇ ಜಯವರ್ಮನವು. ತಾ ಪ್ರೋಮ್ ಅಂದರೆ ಮರದ ಬೇರು ಗೋಡೆಯನ್ನು ಅಪ್ಪಿಕೊಂಡಿರೋ ಜಾಗ. ಅಲ್ಲಿ ಜೀರ್ಣೋದ್ಧಾರದ ಕೆಲಸದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯ ಕೈ ಇದೆ. ಜನಜಂಗುಳಿ ಬೇಡ ಅನ್ನೋರಿಗೆ ಪ್ರೆಆ ಖಾನ್ ಒಳ್ಳೇದು. ಬಾಯೋನ್‌ನಲ್ಲಿ ಎಲ್ಲರೂ ಮೇಲಿನ ಮುಖಗಳನ್ನೇ ನೋಡ್ತಾರೆ. ಕೆಳಗೆ ಹೊರಸುತ್ತಿನ ಗೋಡೆಯಲ್ಲಿ ಸಂತೆ, ಕೋಳಿಅಂಕ, ಪಕ್ಕದ ರಾಜ್ಯದ ಚಾಮ್ ಜನರ ಜೊತೆಗಿನ ದೋಣಿ ಕಾಳಗ ಇದೆ. ಕೋಳಿಅಂಕದ ಶಿಲ್ಪ ನೋಡಿ ಕರಾವಳಿಯವರು ನಗದೇ ಇರಲ್ಲ.

ಓಡಾಡೋಕೆ ಟುಕ್‌ಟುಕ್. ಬೈಕಿಗೆ ಕಟ್ಟಿದ ಗಾಡಿಗೆ ರೆಮೋರ್ಕ್ ಅಂತಾರೆ, ನಾಲ್ಕು ಜನ ಕೂರಬಹುದು, ಗಾಳಿ ಚೆನ್ನಾಗಿ ಬರುತ್ತೆ. ಊರೊಳಗಿನ ಸಣ್ಣ ಓಡಾಟಕ್ಕೆ ನಮ್ಮ ಆಟೊದಂಥದ್ದೇ ಇದೆ, ಗ್ರ್ಯಾಬ್ ಅಥವಾ ಪಾಸ್‌ಆಪ್‌ನಲ್ಲಿ ಕರೆಸಿ. ದೇವಸ್ಥಾನಗಳಿಗೆ ಇಡೀ ದಿನದ ಬಾಡಿಗೆಯೇ ಸರಿ. ಚಿಕ್ಕ ಸುತ್ತು 17 ಕಿಲೋಮೀಟರ್, ದೊಡ್ಡ ಸುತ್ತು 26. ಚಿಕ್ಕ ಸುತ್ತಿಗೆ 15ರಿಂದ 20 ಡಾಲರ್ ಆಸುಪಾಸು. ನಸುಕಿಗೆ ಹೊರಡಬೇಕಾದರೆ ಸ್ವಲ್ಪ ಜಾಸ್ತಿ, ಬಂತೆಯ್ ಸ್ರೇ ಸೇರಿಸಿದರೆ ಇನ್ನೂ ಜಾಸ್ತಿ. ಯಾವ ಯಾವ ದೇವಸ್ಥಾನ, ಎಷ್ಟು ಗಂಟೆಗೆ ವಾಪಸ್ ಅನ್ನೋದನ್ನು ಹತ್ತೋ ಮುಂಚೆ ಹೇಳಿಬಿಡಿ. ಜಗಳ ಆಗೋದು ದರಕ್ಕಲ್ಲ, ಮಧ್ಯದಲ್ಲಿ ‘ಇನ್ನೊಂದು ನೋಡೋಣ’ ಅಂದಾಗ.

ದುಡ್ಡಿನ ವಿಷಯ. ಡಾಲರ್, ಅಲ್ಲಿನ ನಾಣ್ಯ ರಿಯೆಲ್ ಎರಡೂ ನಡೀತವೆ. ಒಂದು ಡಾಲರಿಗೆ ಸುಮಾರು 4,000 ರಿಯೆಲ್. ಅಂಚಲ್ಲಿ ಚೂರು ಹರಿದಿದ್ದರೆ, ಪೆನ್ನಿನ ಗೀಟಿದ್ದರೆ ಡಾಲರ್ ನೋಟು ತಗೊಳ್ಳಲ್ಲ. ನಮ್ಮೂರ ಮನಿ ಎಕ್ಸ್‌ಚೇಂಜ್‌ನಲ್ಲಿ ಎಣಿಸಿಕೊಳ್ಳುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಚಿಲ್ಲರೆ ವಾಪಸ್ ಬರುವಾಗಲೂ ಹಾಗೇ, ಹರಕು ನೋಟು ದಾಟಿಸೋಕೆ ಪ್ರವಾಸಿಗರೇ ಸುಲಭ. ಎಟಿಎಂನಲ್ಲಿ ಪ್ರತಿ ಸಲ ನಾಲ್ಕೈದು ಡಾಲರ್ ಶುಲ್ಕ ಹೋಗುತ್ತೆ, ಜೊತೆಗೆ ನೂರರ ನೋಟೇ ಬಂದರೆ ಟುಕ್‌ಟುಕ್‌ನವರ ಹತ್ತಿರ ಚಿಲ್ಲರೆ ಇರಲ್ಲ.

[ದೃಶ್ಯ: ಮಾರುಕಟ್ಟೆಯಲ್ಲಿ ಪ್ರಹೋಕ್ ತುಂಬಿದ ಬೋಗುಣಿಗಳು.]

ಸಸ್ಯಾಹಾರಿಗಳು ಇಲ್ಲಿ ಕಿವಿಗೊಡಿ. ಇದು ಪ್ರಹೋಕ್: ಉಪ್ಪು ಹಾಕಿ ಕೊಳೆಸಿದ ಮೀನು. ಖ್ಮೇರ್, ಅಂದರೆ ಕಾಂಬೋಡಿಯಾದ ಅಡುಗೆಗೆ ಇದೇ ಜೀವ. ಇನ್ನೊಂದು ತೆಕ್ ತ್ರೇ, ಮೀನಿನ ಸಾಸ್. ‘ಮಾಂಸ ಬೇಡ’ ಅಂದರೆ ಮಾಂಸದ ತುಂಡು ಬಿಟ್ಟು ಕೊಡ್ತಾರೆ, ಇವೆರಡನ್ನು ಬಿಡಲ್ಲ, ಯಾಕಂದ್ರೆ ಅವರ ಲೆಕ್ಕದಲ್ಲಿ ಅದು ಉಪ್ಪಿನ ಹಾಗೆ. ಸೊಪ್ಪಿನ ಪಲ್ಯ ಅಂತ ತರಿಸಿದರೆ ಅದರಲ್ಲಿ ಆಯ್ಸ್ಟರ್ ಸಾಸ್ ಇರುತ್ತೆ. ತೋಫು ಅಮೋಕ್ (ತೆಂಗಿನ ಹಾಲಿನ ಮಸಾಲೆ ಅಡುಗೆ) ಅಂತ ಮೆನುವಿನಲ್ಲಿದ್ದರೂ ಮಸಾಲೆಗೆ ಏನು ಹಾಕಿದ್ದೀರಿ ಅಂತ ಕೇಳಿ. ಹೇಳಬೇಕಾದ ಮಾತು ‘ಞಾಂ ಬುವೋಸ್’, ಅಂದರೆ ವ್ರತದ ಊಟ, ಬೌದ್ಧರಿಗೆ ಚೆನ್ನಾಗಿ ಗೊತ್ತು. ಅದರ ಜೊತೆಗೆ ‘ಅಟ್ ಡಾಕ್ ತೆಕ್ ತ್ರೇ, ಅಟ್ ಡಾಕ್ ಪ್ರಹೋಕ್’, ಇವೆರಡನ್ನೂ ಹಾಕಬೇಡಿ ಅಂತ. ಉಚ್ಚಾರಣೆ ತಪ್ಪಿದರೆ ಅರ್ಥ ಆಗಲ್ಲ, ಹಾಗಾಗಿ ಹೋಟೆಲ್‌ನವರ ಹತ್ತಿರ ಖ್ಮೇರ್ ಲಿಪಿಯಲ್ಲಿ ಬರೆಸಿ ಫೋನಲ್ಲಿಟ್ಟುಕೊಳ್ಳಿ. ಮೊಟ್ಟೆ ತಿನ್ನದವರು ಅದನ್ನೂ ಬೇರೆಯಾಗಿ ಬರೆಸಬೇಕು. ಧೈರ್ಯವಾಗಿ ತಿನ್ನಬಹುದಾದದ್ದು ಕ್ರಲಾನ್: ಬಿದಿರಿನ ಕೊಳವೆಯಲ್ಲಿ ಅಂಟಕ್ಕಿ, ಕಾಳು, ತೆಂಗಿನ ಹಾಲು ಹಾಕಿ ಕೆಂಡದಲ್ಲಿ ಸುಟ್ಟದ್ದು. ಬಂತೆಯ್ ಸ್ರೇ ದಾರಿಯ ಪ್ರೆಆ ಡಾಕ್ ಹಳ್ಳಿಯಲ್ಲಿ ತಾಳೆಬೆಲ್ಲ ಕಾಯಿಸೋದನ್ನೂ ನೋಡಬಹುದು, ಕೊಳ್ಳಲೂಬಹುದು.

ನಡವಳಿಕೆ ನಮಗೆ ಕಷ್ಟವಲ್ಲ. ಕೈಮುಗಿಯೋದಕ್ಕೆ ಸಂಪೆಯಾಹ್ ಅಂತಾರೆ. ಓರಗೆಯವರಿಗೆ ಎದೆ ಮಟ್ಟ, ಹಿರಿಯರಿಗೆ ಬಾಯಿ ಮಟ್ಟ, ಭಿಕ್ಷುಗಳಿಗೆ ಹುಬ್ಬಿನ ಮಟ್ಟ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೈಗೆ ಕೈ ಏನನ್ನೂ ಕೊಡಬಾರದು. ಮಕ್ಕಳ ತಲೆ ಸವರಬೇಡಿ. ದೇವಸ್ಥಾನಗಳ ಬಾಗಿಲಲ್ಲಿ ಪೋಸ್ಟ್‌ಕಾರ್ಡ್ ಮಾರೋ ಮಕ್ಕಳ ಹತ್ತಿರ ಕೊಳ್ಳಬೇಡಿ. ಕನಿಕರ ಆಗುತ್ತೆ ನಿಜ, ಆದರೆ ವ್ಯಾಪಾರ ಆದಷ್ಟು ದಿನ ಅವರನ್ನು ಶಾಲೆಗೆ ಕಳಿಸಲ್ಲ.

ಯಾವಾಗ ಹೋಗೋದು? ನವೆಂಬರ್‌ನಿಂದ ಫೆಬ್ರವರಿ ಹಿತ, ಜನವೂ ಜಾಸ್ತಿ. ಏಪ್ರಿಲ್ ಬಿಸಿಲು ಸುಡುತ್ತೆ, ನಮ್ಮ ಸೌರಮಾನ ಯುಗಾದಿಯ ಹೊತ್ತಿಗೇ ಅವರ ಹೊಸ ವರ್ಷ. ಭಾದ್ರಪದದಲ್ಲಿ ನಮಗೆ ಪಿತೃಪಕ್ಷ ಇದ್ದ ಹಾಗೆ ಅವರಿಗೆ ಅದೇ ಹದಿನೈದು ದಿನ ಪ್ಚುಮ್ ಬೆನ್, ಹಿರಿಯರಿಗೆ ಅನ್ನದ ಪಿಂಡ ಇಡ್ತಾರೆ. ಆ ಎರಡೂ ಹಬ್ಬಗಳಲ್ಲಿ ಅಂಗಡಿ ಮುಚ್ಚಿ ಎಲ್ಲರೂ ಊರಿಗೆ ಹೊರಡ್ತಾರೆ, ಬಸ್ ಸೀಟು ಸಿಗಲ್ಲ.

ನಾಮ್ ಪೆನ್‌ಗೆ ಬಸ್ಸಲ್ಲಿ ಐದಾರು ಗಂಟೆ. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಬಂತೆಯ್ ಸ್ರೇಯಿಂದ ತಂದ ಭೀಮ–ದುರ್ಯೋಧನರ ಗದಾಯುದ್ಧದ ಶಿಲ್ಪ ಇದೆ, ಹಾಗಾಗಿ ಬಂತೆಯ್ ಸ್ರೇ ನೋಡಿದ ಮೇಲೇ ಇಲ್ಲಿಗೆ ಬನ್ನಿ. ತುವೊಲ್ ಸ್ಲೆಂಗ್, ಚುಂಗ್ ಏಕ್ ಎರಡೂ 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತ ನಡೆಸಿದ ಹತ್ಯಾಕಾಂಡದ ಜಾಗಗಳು. ಆಡಿಯೋ ಗೈಡ್ ತಗೊಳ್ಳಿ, ಸೆಲ್ಫಿ ಬೇಡ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ರಸ್ತೆಬದಿ ನಿಂತು ಫೋನ್ ನೋಡಬೇಡಿ, ಬೈಕಲ್ಲಿ ಬಂದು ಕಿತ್ತುಕೊಂಡು ಹೋಗ್ತಾರೆ. ಟುಕ್‌ಟುಕ್‌ನಲ್ಲಿ ಕೂತಾಗ ಬ್ಯಾಗಿನ ಪಟ್ಟಿ ಕತ್ತಿನಿಂದ ಅಡ್ಡಲಾಗಿ ಹಾಕಿಕೊಂಡು, ಬ್ಯಾಗನ್ನು ಒಳಗಡೆ ಪಕ್ಕಕ್ಕೆ ಇಟ್ಟುಕೊಳ್ಳಿ.