ಕಾಶಿಯ ಘಾಟ್‌ಗಳಿಗೆ ಕಲ್ಲು ಕೊಟ್ಟ ಊರು ಚುನಾರ್

ನಮಸ್ಕಾರ. ಕಾಶಿಗೆ ಹೋದವರು ಘಾಟ್‌ನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತಾದರೂ ಕೂತಿರುತ್ತಾರೆ ಅಲ್ವಾ? ಅಲ್ಲಿ ಬಹುಪಾಲು ಕಲ್ಲು ಬಂದಿದ್ದು ಚುನಾರ್‌ನಿಂದ. ನನ್ನ ಪ್ರಕಾರ ಚುನಾರ್ ನೋಡದೆ ಕಾಶಿ ಪೂರ್ತಿ ಅರ್ಥವಾಗುವುದಿಲ್ಲ.

[ನಕ್ಷೆ: ಚುನಾರ್‌ನಿಂದ ಕಾಶಿಗೆ ಗಂಗೆಯ ಹಾದಿ]

ಗಂಗೆಯ ಬಯಲಲ್ಲಿ ಎಲ್ಲಿ ಅಗೆದರೂ ಮಣ್ಣು, ಮರಳು. ಕಟ್ಟಲು ಕಲ್ಲು ಸಿಗುವುದು ಕಷ್ಟ. ಆದರೆ ಮಿರ್ಜಾಪುರ ಜಿಲ್ಲೆಯ ಚುನಾರ್‌ನಲ್ಲಿ ವಿಂಧ್ಯದ ಗುಡ್ಡ ನದಿಯ ದಡಕ್ಕೇ ಬಂದು ನಿಂತಿದೆ. ಅಲ್ಲಿನ ನಸುಹಳದಿ ಮರಳುಗಲ್ಲು ಸಣ್ಣ ಕಣದ್ದು, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಕಾಶಿ ಇರುವುದು ಹರಿವಿನ ಕೆಳಗೆ. ಕಲ್ಲನ್ನು ದೋಣಿಗೆ ಹೇರಿದರೆ ಮುಂದಿನ ಕೆಲಸ ಗಂಗೆಯದು.

[ಚಿತ್ರ: ಸಾರನಾಥದ ಸಿಂಹಗಳು]

ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಶಿಲ್ಪಿಗಳು ಇದೇ ಕಲ್ಲನ್ನು ಆರಿಸಿಕೊಂಡರು. ಕಾಶಿಯಿಂದ ಸುಮಾರು 10 ಕಿ.ಮೀ. ದೂರದ ಸಾರನಾಥದಲ್ಲಿ 1905ರ ಉತ್ಖನನದಲ್ಲಿ ಸಿಕ್ಕ ನಾಲ್ಕು ಸಿಂಹಗಳು ಚುನಾರ್ ಕಲ್ಲಿನವು. ಎರಡು ಸಾವಿರ ವರ್ಷ ದಾಟಿದರೂ ಅವುಗಳ ಹೊಳಪು ಮಾಸಿಲ್ಲ. ಮ್ಯೂಸಿಯಂನಲ್ಲಿ ದಯವಿಟ್ಟು ಹತ್ತಿರ ನಿಂತು ನೋಡಿ. ನಮ್ಮ ನೋಟು, ಪಾಸ್‌ಪೋರ್ಟ್ ಮೇಲಿರುವುದು ಅವೇ.

ಸರಿ, ಘಾಟ್‌ಗಳೆಲ್ಲ ಒಂದೇ ದಡದಲ್ಲಿ ಯಾಕಿವೆ? ಕಾಶಿಯಲ್ಲಿ ಗಂಗೆ ಬಾಗಿ ಉತ್ತರಕ್ಕೆ ಹರಿಯುತ್ತಾಳೆ. ಪಶ್ಚಿಮದ ದಡ ಎತ್ತರ. ಅಲ್ಲಿ ಸುಣ್ಣದ ಗಂಟುಗಳಿರುವ ಗಟ್ಟಿ ಜೇಡಿಮಣ್ಣಿದೆ. ಆಚೆ ದಡ ತಗ್ಗು, ಪ್ರವಾಹ ಬಂದರೆ ಮುಳುಗುವ ಮರಳು. ಹಾಗಾಗಿ ಊರು ಬೆಳೆದಿದ್ದು ಈಚೆಗೇ. ಆಚೆ ಇರುವ ದೊಡ್ಡ ಕಟ್ಟಡ ರಾಮನಗರದ ಕೋಟೆ. 18ನೇ ಶತಮಾನದ್ದು, ಅದಕ್ಕೂ ಚುನಾರ್ ಕಲ್ಲೇ.

ಈಚೆ ದಡವೂ ಎಲ್ಲ ಕಡೆ ಭಾರ ತಾಳುವುದಿಲ್ಲ. ಮಣಿಕರ್ಣಿಕಾ ಪಕ್ಕದಲ್ಲೇ ರತ್ನೇಶ್ವರ ದೇವಸ್ಥಾನ ಒಂದು ಕಡೆ ವಾಲಿ ನಿಂತಿದೆ. ಮಳೆಗಾಲದಲ್ಲಿ ನೀರು ಮೆಟ್ಟಿಲು ನುಂಗುತ್ತದೆ. ಇಳಿದ ಮೇಲೆ ಉಳಿಯುವುದು ರಾಶಿ ರಾಶಿ ಕೆಸರು. ಪಂಪ್ ಹಚ್ಚಿ, ಪೈಪ್ ಹಿಡಿದು ಅದನ್ನು ತೊಳೆಯುವ ಕೆಲಸಗಾರರಿಲ್ಲದಿದ್ದರೆ ದೀಪಾವಳಿಗೆ ಘಾಟ್‌ಗಳು ಸಿದ್ಧವಾಗುವುದೇ ಇಲ್ಲ. ಆರತಿಯ ವಿಡಿಯೋಗಳಲ್ಲಿ ಇವರು ಕಾಣುವುದಿಲ್ಲ, ಕಾಣಬೇಕು.

[ದೃಶ್ಯ: ಕರ್ನಾಟಕ ಘಾಟ್]

ಹನುಮಾನ್ ಘಾಟ್, ಹರಿಶ್ಚಂದ್ರ ಘಾಟ್‌ಗಳ ನಡುವೆ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಅಲ್ಲೂ ಒಂದು ಸುತ್ತು ಹಾಕಿ. ಆಮೇಲೆ ಒಂದು ದಿನ ಚುನಾರ್‌ಗೆ ಇಡಿ. ದೆಹಲಿ-ಹೌರಾ ಮುಖ್ಯ ಮಾರ್ಗದಲ್ಲೇ ರೈಲು ನಿಲ್ದಾಣವಿದೆ. ಶೇರ್ ಶಾ, ಹುಮಾಯೂನ್ ಇಬ್ಬರೂ ಹಟ ಹಿಡಿದು ಕಾದಾಡಿದ ಕೋಟೆ ಗುಡ್ಡದ ಮೇಲಿದೆ. ಅದರ ಅಂಚಿಗೆ ಹೋದರೆ ಕೆಳಗೆ ಗಂಗೆ ಕಾಣುತ್ತಾಳೆ.